ಅಂಟು

ಮುರಗೆಪ್ಪ ಐಹೊಳಿ, ಅಮೀನಗಡ, ವಯಸ್ಸು ಅರವತ್ತೊಂದು.
ಕರದಂಟಿನ ಕಡಾಯಿಯ ಮುಂದೆ ನಲವತ್ತು ವರ್ಷ.
ವರ್ಷಕ್ಕೊಮ್ಮೆ ನವನಗರದ ನಮ್ಮ ಲ್ಯಾಬಿಗೆ
ಖಾಲಿಹೊಟ್ಟೆಯಲ್ಲಿ, ಮೊದಲ ಬಸ್ಸಿಗೆ ಬರುವವರು.
ತೋಳು ಚಾಚಿದರೆ ಬೆಲ್ಲದ ವಾಸನೆ,
ಸ್ಪಿರಿಟ್ಟು ಹಚ್ಚಿದರೂ ಹೋಗುತ್ತಿರಲಿಲ್ಲ.

ಮದುವೆ ಸೀಜನ್ನಿನಲ್ಲಿ ಸೆಂಟ್ರಿಫ್ಯೂಜ್ ತಿರುಗಿ ನಿಂತಾಗ
ಎಷ್ಟೋ ಜನರ ಸೀರಂ ಮಜ್ಜಿಗೆಯಂತೆ ಮಸುಕು.
ಇವರದು ಮಾತ್ರ
ಗಾಣದಿಂದ ಬಂದು ವಾರ ಕಳೆದ ಕುಸುಬಿ ಎಣ್ಣೆಯ ತಿಳಿ.
ಕೊಲೆಸ್ಟ್ರಾಲ್ ತೊಂಬತ್ತೆಂಟು.
"ನೋಡ್ರಿ ಅಕ್ಕಾರ, ತುಪ್ಪದಾಗ ಹುಟ್ಟಿ
ತುಪ್ಪದಾಗ ಬೆಳದಾವ್ನ ನೆತ್ತರ!"

ಆ ರಿಪೋರ್ಟಿಗೆ ಪ್ಲಾಸ್ಟಿಕ್ ಹೊದಿಸಿ
ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದರು.
ಕೊಬ್ಬು ಗಿಬ್ಬು ಅಂತ ಗಿರಾಕಿ ಹಿಂಜರಿದರೆ
ಮಾತಾಡದೆ ಬೆರಳು ತೋರಿಸಲು.
ನಾನೂ ಶಾಬಾಸ್ ಅಂದವಳೇ.
ನಾಲ್ಕು ವರ್ಷ ಆ ಅಂಕಿಗೆ ಸಹಿ ಹಾಕಿದವಳು.
ಹೆಚ್ಚಾದರೆ ಮಾತ್ರ ಕೆಂಪಗೆ ಅಡಿಗೆರೆ ಎಳೆಯಲು ಕಲಿತ ಕೈ ಇದು.
ಕಡಿಮೆಯನ್ನು ಯಾರು ಅನುಮಾನಿಸುತ್ತಾರೆ?

ಆಮೇಲೆ ಕಣ್ಣಿಗೆ ಪೊರೆ ಬಂತು.
ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ಕಾರ್ಡು ಟೆಸ್ಟು.
ಹದಿನೈದು ನಿಮಿಷ. ಒಂದು ಗೆರೆ ಬಂತು,
ಅದರ ಪಕ್ಕ, ಬರಬಾರದ ಜಾಗದಲ್ಲಿ, ಇನ್ನೊಂದು.
ಮತ್ತೊಂದು ಕಾರ್ಡು ಒಡೆದೆ. ಅದೇ.
ಹೆಪಟೈಟಿಸ್ ಸಿ.

"ಕಾಮಣಿನ ಆಗಿಲ್ರಿ ನನಗ" ಅಂದರು.
ನೆನಪು ಕೆದಕಿದಾಗ ಸಿಕ್ಕದ್ದು
ಹದಿನೆಂಟರ ಹರೆಯದ ವಿಷಮಜ್ವರ, ಒಬ್ಬ ಕಂಪೌಂಡರ,
ಇಡೀ ಓಣಿಗೆ ಒಂದೇ ಗಾಜಿನ ಪಿಚಕಾರಿ.
ಆಮೇಲೆ, ಮೆಲ್ಲಗೆ: "ಅಂಟುರೋಗ ಏನ್ರಿ?"

ಅಂಟು ಅವರ ದಂಧೆ.
ತುಪ್ಪಕ್ಕೆ ಬಿದ್ದರೆ ಅರಳಿ ಮೇಲೇಳುವ ಅಂಟು.
ಆ ಶಬ್ದ ಇಷ್ಟು ವರ್ಷ ಅವರ ಬಾಯಲ್ಲಿ ಸಿಹಿಯಾಗಿಯೇ ಇತ್ತು.
ಮುಟ್ಟಿದರೆ ಬರೂದಲ್ರಿ, ನೆತ್ತರಿಗೆ ನೆತ್ತರ ತಾಗಬೇಕು ಅಂದೆ.
ಆದರೂ ಅಂದು ನನಗೆಂದು ತಂದ ಡಬ್ಬಿ
ಚೀಲದಿಂದ ಹೊರಗೆ ಬರಲಿಲ್ಲ.

ಡಾಕ್ಟರು ಹೇಳಿದ್ದನ್ನು ಅವರ ಮಾತಿಗೆ ತಿರುಗಿಸಿದೆ:
ಯಕೃತ್ತು ಅಂದ್ರ ನಿಮ್ಮ ಭಟ್ಟಿಮನಿ ಅಂದ್ಕೊಳ್ರಿ.
ಕೊಬ್ಬು ಅಲ್ಲೇ ತಯಾರಾಗಿ ಪೇಟಿಗೆ ಹೋಗಬೇಕು.
ಒಳಗ ಒಬ್ಬ ಹೊಕ್ಕಾನ. ಮಾಲು ಹೊರಗ ಬಿಡವಲ್ಲ,
ಡಬ್ಬಿ ಮ್ಯಾಲ ಡಬ್ಬಿ ಒಟ್ಟತಾನ.
ಬಿಟ್ಟಷ್ಟರಾಗೂ ತಾನ ಸೇರಿಕೊಂಡು,
ನಿಮ್ಮ ಅಂಗಡಿ ಹೆಸರಿನ ಕಾಗದ ಸುತ್ತಿಕೊಂಡು
ಕಾವಲಗಾರರ ಮುಂದ ಹಾಯ್ದು ಹೋಗತಾನ.
ಪೇಟ್ಯಾಗ ಕಪಾಟು ಖಾಲಿ.
ನಾವು ಎಷ್ಟು ಸ್ವಚ್ಛ ಐತಿ ಅಂತ ಹೊಗಳಿದ್ವಿ.

ಸಂಜೆ ಸ್ಕೂಟಿಯಲ್ಲಿ ಮನೆಗೆ ಹೊರಟಾಗ ಹಿನ್ನೀರು.
ಒಂದು ಅಲೆಯಿಲ್ಲ. ಯಾರೋ ಫೋಟೊ ತೆಗೆಯುತ್ತಿದ್ದರು.
ಅದರ ಕೆಳಗೆ ನಮ್ಮಜ್ಜಿಯ ಓಣಿ, ಹಿಟ್ಟಿನ ಗಿರಣಿ,
ಗಿರಣಿಯ ಮೂರು ಮೆಟ್ಟಿಲು.

ಹನ್ನೆರಡು ವಾರ ಗುಳಿಗೆ.
ಮತ್ತೆ ಹನ್ನೆರಡು ವಾರ ಕಾದು ನೋಡಿದೆವು.
ವೈರಸ್ ಇಲ್ಲ.
ಕೊಲೆಸ್ಟ್ರಾಲ್ ಇನ್ನೂರ ಹದಿನಾಲ್ಕು.

"ಇದೆಂಥಾದ್ರಿ ಅಕ್ಕಾರ,
ಕಳ್ಳ ಇದ್ದಾಗ ಲೆಕ್ಕ ಸರಿ ಇತ್ತು,
ಅಂವ ಹ್ವಾದ ಮ್ಯಾಲ ತಪ್ಪತು?"
ಕಟ್ಟಿಟ್ಟ ಮಾಲು ಪೇಟಿಗೆ ಬಂತ್ರಿ ಅಂದೆ.
ಈ ಲೆಕ್ಕ ಮಾತ್ರ ನಿಮ್ಮದ, ಅವಂದಲ್ಲ.
ಅವರು ನಗಲಿಲ್ಲ.
ಗೋಡೆಯ ಮೇಲಿನದನ್ನು ಇಳಿಸಬೇಕು ಅಂದರು,
ಇಳಿಸಿದರೆ ಅಲ್ಲೊಂದು ಬಿಳಿ ಚೌಕ ಉಳಿಯುತ್ತದೆ,
ಸುಣ್ಣ ಹೊಡೆಸಬೇಕು, ದೀಪಾವಳಿಗಿನ್ನೂ ದೂರ.

ಅರಳೆ ಒತ್ತಿಕೊಳ್ಳಲು ಹೇಳಿದೆ.
ಒತ್ತಿದರು. ತೆಗೆದರು.
ಹೆಬ್ಬೆರಳಿಗೆ ತಾಗಿದ ಹನಿಯನ್ನು
ತೋರುಬೆರಳಿಂದ ಮುಟ್ಟಿ, ಮೆಲ್ಲಗೆ ಅಗಲಿಸಿ,
ಪಾಕ ನೋಡುವಂತೆ ಬೆಳಕಿಗೆ ಹಿಡಿದರು.
ಏಯ್, ಕೈ ತೊಳ್ಕೋರಿ ಮೊದಲ, ಎಂದು ನಾನು ಗದರುವಷ್ಟರಲ್ಲಿ

"ಒಂದೆಳಿ ಬಂದೈತಿ" ಅಂದರು.